ಹೆಬ್ಬೆರಳಿನ ಮಾತು

ತುಕಿರನ್‌ಗೆ ಎಲ್ಲಕ್ಕಿಂತ ಮೊದಲು ಕೈಕೊಟ್ಟದ್ದು ಅವನ ಕೈಗಳೇ.

ಸಾಲಾತಿಗ ಊರಿನ ಹಕ್ಕಿಸಂತೆಯಲ್ಲಿ ಅವನು ಹೆಣೆದ ಪಂಜರಗಳಿಗೆ ದೊಡ್ಡ ಹೆಸರಿತ್ತು. ಬಿದಿರನ್ನು ಹಂಚಿಕಡ್ಡಿಯಷ್ಟು ತೆಳ್ಳಗೆ ಸೀಳಿ, ಮರಳುಕಾಗದದಲ್ಲಿ ಉಜ್ಜಿ ನುಣುಪು ಮಾಡಿ, ಒಂದು ಮೊಳೆಯನ್ನೂ ಬಡಿಯದೆ ಗುಮ್ಮಟದ ಹಾಗೆ ಎಬ್ಬಿಸುತ್ತಿದ್ದ. ಪೆರ್ಕುತುತ್ ಎಂಬ ಕೂಗುಹಕ್ಕಿ ಸಾಕುವ ಮುದುಕರು ಅವನ ಪಂಜರಕ್ಕೆಂದು ತಿಂಗಳುಗಟ್ಟಲೆ ಕಾಯುತ್ತಿದ್ದರು. ಅಂಥವನ ಕೈಯಿಂದ ಒಂದು ದಿನ ಕತ್ತಿ ಜಾರಿ ಬಿತ್ತು. ಎತ್ತಿಕೊಂಡ. ಮತ್ತೆ ಬಿತ್ತು. ಅಂಗಳದಲ್ಲಿ ಸೋಯಾಕಾಳಿನ ಟೆಂಪೆ ಹೆಚ್ಚುತ್ತಿದ್ದ ಹೆಂಡತಿ ಸರ್ಮಿ ತಲೆ ಎತ್ತಿ ನೋಡಿದಳು.

"ಕೈಗೆ ವಯಸ್ಸಾಯ್ತು ಕಣೇ. ಪಿಂಚಣಿ ಬೇಕಂತೆ ಅದಕ್ಕೆ" ಎಂದು ತುಕಿರನ್ ನಕ್ಕ.

ನಗು ಬಹಳ ದಿನ ನಿಲ್ಲಲಿಲ್ಲ. ಕೈ ಆದಮೇಲೆ ತೋಳು, ತೋಳು ಆದಮೇಲೆ ಕಾಲು, ಆಮೇಲೆ ನಾಲಿಗೆ. ಸ್ನಾಯುಗಳಿಗೆ ಅಪ್ಪಣೆ ಕೊಡುವ ನರಗಳು ಒಂದೊಂದಾಗಿ ಬತ್ತಿಹೋಗುವ ಕಾಯಿಲೆ ಇದು, ಮದ್ದಿಲ್ಲ ಎಂದು ಆಸ್ಪತ್ರೆಯ ಡಾಕ್ಟರಮ್ಮ ಹೇಳಿದರು. ಬುದ್ಧಿಗೆ ಏನೂ ಆಗುವುದಿಲ್ಲ, ಕಿವಿಗೆ ಏನೂ ಆಗುವುದಿಲ್ಲ, ಎಲ್ಲವೂ ಕೇಳಿಸುತ್ತದೆ, ಎಲ್ಲವೂ ತಿಳಿಯುತ್ತದೆ ಎಂದೂ ಹೇಳಿದರು. ಸಮಾಧಾನ ಆಗಲಿ ಎಂದು ಹೇಳಿದ ಆ ಮಾತೇ ಸರ್ಮಿಯನ್ನು ಹೆಚ್ಚು ಅಳಿಸಿತು. ಊರಿಗೆಲ್ಲ ಚಟಾಕಿ ಹಾರಿಸುತ್ತಿದ್ದ ಮನುಷ್ಯ ಈಗ ಮಂಚದ ಮೇಲೆ ಮಲಗಿ ಎಲ್ಲವನ್ನೂ ಕೇಳುತ್ತ, ಒಂದಕ್ಕೂ ಉತ್ತರ ಕೊಡಲಾರದೆ ಕಣ್ಣು ಹೊರಳಿಸುತ್ತಿದ್ದ. ಹೌದು ಅಂದರೆ ಮೇಲೆ ನೋಡುವುದು, ಇಲ್ಲ ಅಂದರೆ ಕೆಳಗೆ ನೋಡುವುದು. ಅಷ್ಟರಲ್ಲೇ ಗಂಡಹೆಂಡಿರ ಸಂಸಾರ ನಡೆಯಬೇಕಾಯಿತು.

ಅವರಿಗೆ ಮಕ್ಕಳಿರಲಿಲ್ಲ. ಮಗಳಂತೆ ಇದ್ದವಳು ತುಕಿರನ್‌ನ ತಂಗಿ ವೆನಿಂಗ್. ತಂದೆತಾಯಿ ಬಸ್ಸು ಉರುಳಿ ಸತ್ತಾಗ ಅವಳಿನ್ನೂ ಸ್ಲೇಟು ಹಿಡಿಯುವ ವಯಸ್ಸಿನವಳು. ಹೆಂಡತಿಯಂತೆ ತಂಗಿಯೂ 'ಮಾಸ್' ಎಂದು ಕರೆಯುತ್ತಿದ್ದ ಅಣ್ಣ ಪಂಜರ ಮಾರಿ ಸಾಕಿದ, ಅವಳು 'ಮ್ಬಾಕ್' ಎನ್ನುತ್ತಿದ್ದ ಅತ್ತಿಗೆ ತಲೆ ಬಾಚಿ ಶಾಲೆಗೆ ಕಳಿಸಿದಳು. ಈಗ ಅವಳು ಸೆಮರಾಂಗ್ ಪಟ್ಟಣದ ಒಂದು ಸಣ್ಣ ಕಂಪನಿಯಲ್ಲಿ ಪ್ರೋಗ್ರಾಮು ಬರೆಯುವ ಕೆಲಸದಲ್ಲಿದ್ದಳು. ಅಂಗಡಿಯ ತಕ್ಕಡಿ, ಚೀಟಿ ಮುದ್ರಿಸುವ ಯಂತ್ರ, ಬೆಲೆಪಟ್ಟಿಯ ಗೆರೆ ಓದುವ ಕಣ್ಣು, ಹೀಗೆ ಕಂಪ್ಯೂಟರಿಗೆ ಸಿಕ್ಕಿಸುವ ಸಾಧನಗಳನ್ನೆಲ್ಲ ಕಂಪ್ಯೂಟರಿನೊಂದಿಗೆ ಮಾತಾಡಿಸುವುದು ಅವಳ ಕಸುಬು. "ನಮ್ಮ ನಿಂಗ್ ಮೂಗಯ್ಯಗಳಿಗೆಲ್ಲ ಮಾತು ಕಲಿಸ್ತಾಳೆ" ಎಂದು ತುಕಿರನ್ ಹಿಂದೆ ಬೀದಿಯವರ ಮುಂದೆ ಜಂಬ ಕೊಚ್ಚುತ್ತಿದ್ದ.

ಅಣ್ಣನ ಮಾತು ಪೂರ್ತಿ ನಿಂತ ವಾರ ವೆನಿಂಗ್ ರಜೆ ಹಾಕಿ ಬಂದಳು. ಹಳೆಯ ಲ್ಯಾಪ್‌ಟಾಪೊಂದನ್ನು ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟು, ಅಣ್ಣನ ಮೈಯನ್ನೆಲ್ಲ ಹುಡುಕಿದಳು. ಎಲ್ಲಿ ಜೀವ ಉಳಿದಿದೆ? ಬಲಗಾಲಿನ ಹೆಬ್ಬೆರಳು ಇನ್ನೂ ಮಾತು ಕೇಳುತ್ತಿತ್ತು. ಒಂದು ಮೌಸನ್ನು ಬಿಚ್ಚಿ, ಅದರ ಗುಂಡಿಯನ್ನು ಹೆಬ್ಬೆರಳಿನ ಕೆಳಗೆ ಬರುವಂತೆ ಬಿದಿರಿನ ಚೂರಿಗೆ ಕಟ್ಟಿದಳು.

ಸಿಕ್ಕಿಸಿದ ಕೂಡಲೇ ಪ್ರತಿಯೊಂದು ಸಾಧನವೂ ಕಂಪ್ಯೂಟರಿಗೆ ತನ್ನ ಹೆಸರು ಕುಲ ಹೇಳಿಕೊಳ್ಳುತ್ತದೆ. ನಾನು ಇಂಥವರ ಮನೆಯಲ್ಲಿ ಹುಟ್ಟಿದ್ದು, ನನ್ನ ಸಂಖ್ಯೆ ಇಂಥದ್ದು, ನನಗೆ ಇಷ್ಟು ಗುಂಡಿಗಳಿವೆ ಎಂದು. ಆಮೇಲೆ ಅದು ಬಾಯಿ ಮುಚ್ಚಿಕೊಂಡು ಕೂರುತ್ತದೆ. ತಾನಾಗಿ ಮಾತಾಡುವ ಹಕ್ಕು ಅದಕ್ಕಿಲ್ಲ; ಕಂಪ್ಯೂಟರೇ ಕಣ್ಣು ಮಿಟುಕಿಸುವುದರೊಳಗೆ ಎಷ್ಟೋ ಸಲ "ಏನಾದರೂ ಇದೆಯೇ?" ಎಂದು ಕೇಳುತ್ತಿರಬೇಕು, ಆಗಷ್ಟೇ ಅದು "ಒತ್ತಿದರು" ಅಥವಾ "ಬಿಟ್ಟರು" ಎನ್ನುತ್ತದೆ. ಕಂಪ್ಯೂಟರಿಗೆ ಎಲ್ಲ ಮೌಸುಗಳೂ ಒಂದೇ, ಯಾವುದನ್ನು ಒತ್ತಿದರೂ ಪರದೆಯ ಬಾಣ ಇದ್ದಲ್ಲೇ ಕ್ಲಿಕ್ ಆಗಿಬಿಡುತ್ತದೆ. ಹಾಗಾಗಬಾರದೆಂದು ವೆನಿಂಗ್ ಈ ಒಂದನ್ನು ಹೆಸರು ಹಿಡಿದು ಹುಡುಕಿ, ಮಿಕ್ಕವುಗಳಿಂದ ಬೇರೆ ಮಾಡಿ, ತನ್ನ ಪ್ರೋಗ್ರಾಮಿಗೆ ಮಾತ್ರ ಉತ್ತರ ಕೊಡುವಂತೆ ಕಟ್ಟಿಹಾಕಿದಳು. ಪರದೆಯ ಮೇಲೆ ಅಕ್ಷರಗಳ ಸಾಲು. ಒಂದೊಂದು ಸಾಲೂ ಸರದಿಯ ಮೇಲೆ ಬೆಳಗುತ್ತದೆ. ಬೇಕಾದ ಸಾಲು ಬಂದಾಗ ಒತ್ತಬೇಕು, ಆಮೇಲೆ ಆ ಸಾಲಿನ ಅಕ್ಷರಗಳು ಬೆಳಗುತ್ತ ಹೋಗುತ್ತವೆ, ಬೇಕಾದದ್ದು ಬಂದಾಗ ಮತ್ತೆ ಒತ್ತಬೇಕು.

ಮೊದಲ ದಿನ ತುಕಿರನ್‌ಗೆ ಒಂದು ವಾಕ್ಯಕ್ಕೆ ಬೆಳಗಿನ ಹೊತ್ತೆಲ್ಲ ಬೇಕಾಯಿತು. ಸರ್ಮಿ ಪರದೆಗೆ ಮುಖ ಅಂಟಿಸಿಕೊಂಡು ಒಂದೊಂದೇ ಅಕ್ಷರ ಓದಿದಳು. ಗಂಡನ ಮೊದಲ ಮಾತು ಏನಿರಬಹುದೆಂದು ಮುಂದಿನ ಅಕ್ಷರ ಬರುವ ಮೊದಲೇ ಊಹಿಸುತ್ತಿದ್ದಳು.

ಪರದೆಯ ಮೇಲೆ ಬಂದದ್ದು: ಸಾರಿಗೆ ಉಪ್ಪಿಲ್ಲ.

"ಅಯ್ಯೋ ನಿಮ್ಮ!" ಎಂದು ಸರ್ಮಿ ಸೆರಗಿನಂತೆ ಹೊದ್ದ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡಳು. "ಡಾಕ್ಟರಮ್ಮ ಉಪ್ಪು ಕಡಿಮೆ ಹಾಕು ಅಂದಿದ್ರು ಮಾಸ್, ನಾನೇನು ಮಾಡ್ಲಿ? ಇಷ್ಟು ದಿನ ಇದನ್ನೇ ನುಂಗಿಕೊಂಡು ಮಲಗಿದ್ರಾ?" ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ತಿಳಿಯಲಿಲ್ಲ.

ಆಮೇಲೆ ಕೆಲವು ತಿಂಗಳು ಆ ಮನೆಗೆ ಮತ್ತೆ ಕಳೆ ಬಂತು. ಪಂಜರ ಕೊಳ್ಳುತ್ತಿದ್ದ ಮುದುಕರು ಹಕ್ಕಿಗಳನ್ನು ತಂದು ಮಂಚದ ಪಕ್ಕ ಕೂಗಿಸಿ, ಹೇಗಿದೆ ಎಂದು ಕೇಳುತ್ತಿದ್ದರು. "ಶೀತ ಆಗಿದೆ", "ಇದು ಹೆಣ್ಣು, ಮೋಸ ಹೋದ್ರಿ" ಎಂದು ಹೆಬ್ಬೆರಳು ತೀರ್ಪು ಕೊಡುತ್ತಿತ್ತು. ತುಕಿರನ್‌ನ ತಾಯಿಯ ಅಣ್ಣ ವಿರ್ಯೋ, ಎಲ್ಲರೂ ಪಾಕ್ದೇ ಎಂದು ಕರೆಯುತ್ತಿದ್ದ ಹಿರಿಯ, ತಾನು ಹರೆಯದಲ್ಲಿ ಮೆರ್ಬಾಬು ಬೆಟ್ಟದ ಮೇಲೆ ಹುಲಿ ಕಂಡ ಕತೆಯನ್ನು ಎತ್ತಿಕೊಂಡರೆ, ಹುಲಿ ಬರುವ ಹೊತ್ತಿಗೆ ಸರಿಯಾಗಿ ಪರದೆಯ ಮೇಲೆ "ಬೆಕ್ಕು" ಎಂದು ಬಂದಿರುತ್ತಿತ್ತು.

"ನೋಡಿ, ಬಾಯಿ ಹೋದರೂ ಕೊಬ್ಬು ಹೋಗಿಲ್ಲ ಇವನಿಗೆ!" ಎಂದು ಪಾಕ್ದೇ ತೊಡೆ ತಟ್ಟಿಕೊಂಡು ನಗುತ್ತಿದ್ದರು.

ಕಾಯಿಲೆ ಮಾತ್ರ ತನ್ನ ಪಾಡಿಗೆ ತಾನು ನಡೆಯುತ್ತಲೇ ಇತ್ತು. ಹೆಬ್ಬೆರಳಿನ ಸುತ್ತಲಿನ ಸ್ನಾಯುಗಳು ತಮ್ಮಷ್ಟಕ್ಕೆ ತಾವೇ ಅದುರತೊಡಗಿದವು. ಒಂದು ಸಲ ಒತ್ತಬೇಕಾದಲ್ಲಿ ನಾಲ್ಕು ಒತ್ತು; ಅಕ್ಷರಗಳು ಕಲಸಿಹೋದವು. ವೆನಿಂಗ್ ಪ್ರೋಗ್ರಾಮಿನಲ್ಲಿ ಒಂದು ಅಂಕಿ ಸೇರಿಸಿದಳು. ಒತ್ತು ಇಷ್ಟು ಹೊತ್ತು ನಿಂತರೆ ಮಾತ್ರ ಅದು ಅಣ್ಣನ ಒತ್ತು. ಅದಕ್ಕಿಂತ ಕ್ಷಣಿಕವಾದದ್ದು ನಡುಕ, ಅದನ್ನು ಬಿಟ್ಟುಬಿಡು. ಅಂಕಿ ಹೆಚ್ಚಿಸಿದರೆ ನಡುಕ ನಿಲ್ಲುತ್ತಿತ್ತು, ಆದರೆ ಅಣ್ಣನ ದುರ್ಬಲ ಒತ್ತುಗಳೂ ಅದರ ಜೊತೆಗೆ ಕಸಕ್ಕೆ ಹೋಗುತ್ತಿದ್ದವು. ಇಳಿಸಿದರೆ ಎರಡೂ ಒಳಗೆ ಬರುತ್ತಿದ್ದವು. ವಾರವಾರವೂ ಬಸ್ಸು ಹತ್ತಿ ಬಂದು ಅವಳು ಆ ಅಂಕಿಯನ್ನು ಅಣ್ಣನ ಕಾಲಿಗೆ ಹೊಂದಿಸುತ್ತಿದ್ದಳು. ಅಂಕಿಯ ಸಂಗತಿ ಮನೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಉಸಿರು ಸೋಲತೊಡಗಿತು. ವೆನಿಂಗ್ ಮತ್ತೆ ರಜೆ ಹಾಕಿ ಬಂದಳು. ಡಾಕ್ಟರಮ್ಮ ಮನೆಗೇ ಬಂದು ನೋಡಿ, ಹೊರಗೆ ಜಗಲಿಯ ಮೇಲೆ ಎಲ್ಲರನ್ನೂ ಕೂರಿಸಿಕೊಂಡರು.

"ಇನ್ನು ಹೆಚ್ಚು ಕಾಯೋಕಾಗಲ್ಲ. ಗಂಟಲಲ್ಲಿ ತೂತು ಮಾಡಿ ಪೈಪ್ ಇಟ್ಟು, ಉಸಿರಾಟದ ಯಂತ್ರಕ್ಕೆ ಹಚ್ಚಬಹುದು. ಹಚ್ಚಿದ್ರೆ ಇನ್ನೂ ಕೆಲವು ವರ್ಷ ಇರಬಹುದು, ಆದರೆ ಯಂತ್ರ ಬಿಟ್ಟು ಇರೋಕಾಗಲ್ಲ. ಬೇಡ ಅಂದ್ರೆ, ನೋವಾಗದ ಹಾಗೆ ಮನೆಯಲ್ಲೇ ನೋಡಿಕೊಳ್ಳಬಹುದು. ನೀವು ನಿರ್ಧಾರ ಮಾಡಬೇಡಿ. ಅವರನ್ನೇ ಕೇಳಿ."

ಅವರು ಹೋದಮೇಲೆ ಪಾಕ್ದೇ ಗಂಟಲು ಸರಿಮಾಡಿಕೊಂಡರು. "ಇದರಲ್ಲಿ ಕೇಳೋದೇನಿದೆ? ಜೀವ ದೇವರದು. ಬೇಡ ಅನ್ನೋಕೆ ನಾವ್ಯಾರು, ಅವನ್ಯಾರು?"

ಸರ್ಮಿ ಒಳಗೆ ಹೋಗಿ ಗಂಡನ ತಲೆ ಸವರಿ ಕೇಳಿದಳು. "ಪೈಪ್ ಇಡಿಸೋಣವಾ ಮಾಸ್?" ತುಕಿರನ್‌ನ ಕಣ್ಣು ಕೆಳಗಿಳಿದವು. ಇನ್ನೊಮ್ಮೆ ಕೇಳಿದಳು. ಮತ್ತೆ ಕೆಳಗೆ.

"ಹೆದರಿದಾನೆ ಪಾಪ" ಎಂದರು ಬಾಗಿಲಲ್ಲಿ ನಿಂತ ಪಾಕ್ದೇ. "ತೂತು ಗೀತು ಅಂದ್ರೆ ಯಾರಿಗೆ ಹೆದರಿಕೆ ಆಗಲ್ಲ? ನೀರು ಬೇಕಾ ಬೇಡ್ವಾ ಅಂತ ಕಣ್ಣಲ್ಲಿ ಕೇಳಬಹುದು. ಪ್ರಾಣದ ವಿಷಯ ಕಣ್ಣಾಟದಲ್ಲಿ ಇತ್ಯರ್ಥ ಆಗುತ್ತಾ? ಯೋಚನೆ ಮಾಡಿ, ತನ್ನ ಮಾತಲ್ಲಿ ಹೇಳಲಿ. ನಿಂಗ್ ಮಾಡಿದ ಯಂತ್ರ ಇದೆಯಲ್ಲ."

ಸರ್ಮಿ ನಾದಿನಿಯ ಕಡೆ ತಿರುಗಿದಳು. "ನಿಂಗ್, ನೀನು ಹೇಳಿಸು. ಮೆಷಿನಲ್ಲಿ ಬಂದ್ರೆ ಪಾಕ್ದೇನೂ ಒಪ್ತಾರೆ. ಏನು ಬರುತ್ತೋ ಅದರಂತೆ ಮಾಡೋಣ."

ಮರುದಿನ ಮಧ್ಯಾಹ್ನ ಸರ್ಮಿ ಮಾರುಕಟ್ಟೆಗೆ ಹೋದಾಗ ವೆನಿಂಗ್ ಅಣ್ಣನ ಪಕ್ಕ ಕುಳಿತಳು. ಕೇಳಬೇಕಾಗಿಯೇ ಬರಲಿಲ್ಲ. ಹೆಬ್ಬೆರಳು ಆಗಲೇ ಕೆಲಸ ಶುರುಮಾಡಿತ್ತು. ಅಕ್ಷರದ ಮೇಲೆ ಅಕ್ಷರ, ಸ್ಪಷ್ಟವಾಗಿ, ಒಂದೂ ತಪ್ಪಿಲ್ಲದೆ ಬಂತು: ಪೈಪು ಬೇಡ. ಸರ್ಮಿ ಸೋತಿದ್ದಾಳೆ. ನನಗೂ ಸಾಕು.

"ಸಾಕು ಅಂದ್ರೆ ಏನು ಮಾಸ್?" ಅವಳ ದನಿ ಕೀರಲಾಯಿತು. "ನಾನಿಲ್ವಾ? ಕೆಲಸ ಬಿಟ್ಟು ಇಲ್ಲೇ ಬಂದಿರ್ತೀನಿ. ಮ್ಬಾಕ್‌ಗೆ ಕಷ್ಟ ಆಗದ ಹಾಗೆ ನಾನು ನೋಡಿಕೊಳ್ತೀನಿ. ಯಂತ್ರ ಅಂದ್ರೆ ನಿನಗೇನು ಹೆದರಿಕೆ, ಯಂತ್ರ ನನಗೆ ಬಿಡು."

ಹೆಬ್ಬೆರಳು ತಡೆದು, ಮತ್ತೆ ಶುರುಮಾಡಿತು. ಎಲ್ಲರಿಗೂ ಹೇಳು.

ಅಂಗಳದಲ್ಲಿ ಸೈಕಲ್ಲಿನ ಸದ್ದಾಯಿತು. ಸರ್ಮಿ ಬಂದಿದ್ದಳು. ವೆನಿಂಗ್‌ನ ಕೈ ತನಗೆ ತಾನೇ ಮುಂದೆ ಹೋಗಿ ಪರದೆಯನ್ನು ಅಳಿಸಿತು. ಆಮೇಲೆ ಎಷ್ಟೋ ದಿನ ಅವಳು ಆ ಗಳಿಗೆಯನ್ನು ಮತ್ತೆ ಮತ್ತೆ ನೆನೆಸಿಕೊಂಡಳು. ಯೋಚಿಸಿ ಮಾಡಿದ್ದಲ್ಲ ಎಂದು ತನಗೆ ತಾನೇ ಹೇಳಿಕೊಳ್ಳಲು ನೋಡಿದಳು. ಅಳಿಸಿದ್ದು ಯೋಚಿಸಿ ಮಾಡಿದ್ದಲ್ಲ, ನಿಜ. ಆದರೆ ಅದರ ಮುಂದಿನದ್ದು?

"ಏನಂದ್ರು?" ಎಂದು ಸರ್ಮಿ ಸೊಪ್ಪಿನ ಚೀಲವನ್ನು ಬಾಗಿಲಲ್ಲೇ ಇಳಿಸಿ ಕೇಳಿದಳು.

"ಏನೂ ಸರಿಯಾಗಿ ಬರ್ತಿಲ್ಲ ಮ್ಬಾಕ್. ಕಾಲು ತುಂಬಾ ನಡುಗ್ತಿದೆ. ಅಕ್ಷರ ಎಲ್ಲ ಕಲಸುಮೇಲೋಗರ."

ಈ ಮಾತನ್ನು ಅವಳು ಅಣ್ಣನ ತಲೆಯ ಪಕ್ಕದಲ್ಲೇ ನಿಂತು ಹೇಳಿದಳು. ಅವನ ಕಿವಿಗೆ ಏನೂ ಆಗಿಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ತುಕಿರನ್‌ನ ಕಣ್ಣು ಅವಳ ಮುಖದ ಮೇಲೆ ನೆಟ್ಟವು. ಹೆಬ್ಬೆರಳು ಬಿರುಸಾಗಿ ಒತ್ತತೊಡಗಿತು. ಪರದೆಯ ಮೇಲೆ ಮತ್ತೆ "ಪೈ" ಎಂದು ಮೂಡಿತು.

"ನೋಡಿ, ಹೀಗೇ ಏನೇನೋ ಬರುತ್ತೆ. ಸರಿ ಮಾಡ್ತೀನಿ ಇರಿ" ಎಂದು ಅವಳು ಲ್ಯಾಪ್‌ಟಾಪನ್ನು ತನ್ನ ಮಡಿಲಿಗೆ ಎಳೆದುಕೊಂಡು, ಆ ಅಂಕಿಯನ್ನು ಏರಿಸಿದಳು. ನಡುಕಕ್ಕೆ ಎಷ್ಟು ಬೇಕೋ ಅದಕ್ಕಿಂತ ಎಷ್ಟೋ ಮೇಲಕ್ಕೆ.

ಲ್ಯಾಪ್‌ಟಾಪನ್ನು ಮತ್ತೆ ಸ್ಟೂಲಿನ ಮೇಲಿಟ್ಟಾಗ ಸಾಲುಗಳು ಒಂದಾದಮೇಲೊಂದು ಬೆಳಗುತ್ತ ಹೋದವು. ತುಕಿರನ್ ಒತ್ತಿದ. ಸಾಲು ನಿಲ್ಲದೆ ದಾಟಿಹೋಯಿತು. ಮತ್ತೆ ಒತ್ತಿದ. ದಾಟಿಹೋಯಿತು. ಪರದೆ ಖಾಲಿಯಾಗಿಯೇ ಇತ್ತು.

ಕೆಲವು ದಿನ ಹೀಗೇ ನಡೆಯಿತು. ಬೆಳಿಗ್ಗೆ ಸರ್ಮಿ ಆಸೆಯಿಂದ ಲ್ಯಾಪ್‌ಟಾಪ್ ಹಚ್ಚುತ್ತಿದ್ದಳು, ಸಂಜೆ ಸುಮ್ಮನೆ ಆರಿಸುತ್ತಿದ್ದಳು. ಪಾಕ್ದೇ ಬಂದು ನೋಡಿ, "ಪಾಪ, ಅದೂ ಹೋಯ್ತಾ" ಎಂದು ನಿಟ್ಟುಸಿರುಬಿಟ್ಟರು. ಇನ್ನು ಕಾಯುವುದರಲ್ಲಿ ಅರ್ಥವಿಲ್ಲವೆಂದು ಸೆಮರಾಂಗಿನ ದೊಡ್ಡ ಆಸ್ಪತ್ರೆಗೆ ಮಾತಾಡಿ, ಪೈಪ್ ಇಡಿಸಲು ದಿನ ಗೊತ್ತು ಮಾಡಿದರು. ವೆನಿಂಗ್ ಅಣ್ಣನ ಹಾಸಿಗೆ ಬದಲಿಸಿದಳು, ಗಡ್ಡ ಹೆರೆದಳು, ಕಾಲು ತಿಕ್ಕಿದಳು, ಎಲ್ಲವನ್ನೂ ಮಾಡಿದಳು. ಅವನ ಕಣ್ಣನ್ನು ಮಾತ್ರ ನೋಡಲಿಲ್ಲ. ಎರಡು ದಿನವಾದ ಮೇಲೆ ಅವನೂ ಅವಳ ಕಡೆ ನೋಡುವುದನ್ನು ಬಿಟ್ಟ. ಅವಳು ಕೋಣೆಗೆ ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಪೈಪ್ ಇಟ್ಟಮೇಲೆ ಎಲ್ಲ ಸರಿಹೋಗುತ್ತದೆ, ಬದುಕಿದ್ದರೆ ತಾನೇ ಕೋಪ, ಬದುಕಿದ್ದರೆ ತಾನೇ ಜಗಳ, ಆಮೇಲೆ ಕಾಲು ಹಿಡಿದು ಕೇಳಿಕೊಂಡರಾಯಿತು ಎಂದುಕೊಂಡು ಅವಳು ಹಲ್ಲು ಕಚ್ಚಿದಳು.

ಆಸ್ಪತ್ರೆಗೆ ಹೊರಡುವ ಹಿಂದಿನ ದಿನ ಬೆಳಿಗ್ಗೆ ಸರ್ಮಿ ಗಂಡನ ಕಾಲು ಒರೆಸುತ್ತಿದ್ದಳು. ಪರದೆ ಅಭ್ಯಾಸದಂತೆ ಹೊತ್ತಿತ್ತು. ಬೆರಳ ಸಂದಿ ಒರೆಸಲು ಅವಳು ಹೆಬ್ಬೆರಳಿನ ಕೆಳಗೆ ತನ್ನ ಬೆರಳು ತೂರಿಸಿದಳು. ತೂರಿಸಿದವಳು ಹಾಗೇ ನಿಂತುಬಿಟ್ಟಳು.

"ನಿಂಗ್!"

ವೆನಿಂಗ್ ಅಡುಗೆಮನೆಯಿಂದ ಓಡಿಬಂದಳು.

"ಒತ್ತುತ್ತಿದ್ದಾರೆ ಕಣೇ! ನೋಡು, ಆ ಸಾಲು ಬೆಳಗಿದಾಗ ಒತ್ತಿದ್ರು. ಇಲ್ಲಿ, ಅಕ್ಷರ ಬಂದಾಗ ಮತ್ತೆ. ನಡುಕ ಅಲ್ಲ ಇದು. ನನ್ನ ಬೆರಳಿಗೆ ಗೊತ್ತಾಗ್ತಿದೆ, ನಿನ್ನ ಪೆಟ್ಟಿಗೆಗೆ ಯಾಕೆ ಗೊತ್ತಾಗ್ತಿಲ್ಲ?"

ವೆನಿಂಗ್ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅಣ್ಣ ಈ ದಿನಗಳಲ್ಲೆಲ್ಲ ಒತ್ತುತ್ತಲೇ ಇದ್ದನೆಂಬುದು ಅವಳ ತಲೆಗೆ ಹೊಳೆದಿರಲೇ ಇಲ್ಲ. ಬಿಟ್ಟುಕೊಟ್ಟಿರುತ್ತಾನೆ ಎಂದುಕೊಂಡಿದ್ದಳು. ಕೇಳುವವರಿಲ್ಲದಿದ್ದರೂ ಅವನು ಬೆಳಗಿನಿಂದ ಸಂಜೆಯವರೆಗೆ ಒತ್ತುತ್ತಲೇ ಇದ್ದ.

ಬಂದು ಕುಳಿತು ಅಂಕಿಯನ್ನು ಇಳಿಸಿದಳು. ಏನೂ ಬರಲಿಲ್ಲ. ಇನ್ನೂ ಇಳಿಸಿದಳು, ಸೊನ್ನೆಗೇ ತಂದಳು. ಆಗಲೂ ಪರದೆ ಖಾಲಿ. ಗುಂಡಿಯೊಳಗೆ ಒಂದು ಸಣ್ಣ ತಗಡಿದೆ, ಅದು ಟಿಕ್ ಎಂದು ಬಾಗಿದರೆ ಮಾತ್ರ ಸಾಧನ "ಒತ್ತಿದರು" ಎನ್ನುತ್ತದೆ. ಆ ತಗಡನ್ನು ಬಾಗಿಸುವಷ್ಟು ಬಲ ಈ ದಿನಗಳಲ್ಲಿ ಕಾಲಿನಿಂದ ಬಸಿದುಹೋಗಿತ್ತು. ಇನ್ನು ಪ್ರೋಗ್ರಾಮು ಎಷ್ಟು ಕಿವಿಗೊಟ್ಟರೂ ಸಾಧನದ ಬಳಿ ಹೇಳಲು ಏನೂ ಇರಲಿಲ್ಲ.

ಅವಳು ನೆಲಕ್ಕೆ ಕುಸಿದು ಕೂತು, ಸರ್ಮಿಯ ಮೊಣಕಾಲು ಹಿಡಿದು ಎಲ್ಲವನ್ನೂ ಹೇಳಿದಳು. ಅಣ್ಣ ಏನಂದಿದ್ದ, ತಾನು ಹೇಗೆ ಅಳಿಸಿದೆ, ಅಂಕಿಯನ್ನು ಹೇಗೆ ಏರಿಸಿದೆ. ಅಣ್ಣನ ಮುಂದೆಯೇ ಹೇಳಿದಳು.

ಸರ್ಮಿ ಗಂಡನ ಕಾಲನ್ನು ಮೆಲ್ಲಗೆ ಹಾಸಿಗೆಯ ಮೇಲಿಟ್ಟಳು. ಒದ್ದೆ ಬಟ್ಟೆಯಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

"ನೀನು ಅವರ ಬಾಯಿ ಮುಚ್ಚಿದೆ" ಎಂದಳು. "ಕಾಯಿಲೆ ಮುಚ್ಚಿತ್ತು, ನೀನು ತೆರೆದೆ. ಆಮೇಲೆ ನೀನೇ ಮುಚ್ಚಿದೆ. ಕಾಯಿಲೆಗಾದ್ರೂ ಕರುಳಿಲ್ಲ ಅಂತ ಸುಮ್ಮನಿರಬಹುದು. ನಿನಗೆ?"

"ಬದುಕಲಿ ಅಂತ ಮ್ಬಾಕ್..."

"ನನಗೆ ಬೇಡವಾಗಿತ್ತಾ? ನಾನು ಅವರ ಹೆಂಡ್ತಿ ಕಣೇ. ನನಗೆ ಬೇಡವಾಗಿತ್ತಾ ಅವರು ಬದುಕೋದು?" ಸರ್ಮಿ ಕಾಲು ಬಿಡಿಸಿಕೊಂಡು ಎದ್ದಳು. "ಪಾಕ್ದೇಗೆ ಫೋನು ಮಾಡಿ ನಾಳೆ ಹೋಗೋದು ಬೇಡ ಅಂತ ನಾನು ಹೇಳ್ತೀನಿ. ನೀನು ಹೇಗಾದ್ರೂ ಮಾಡಿ ಇವರ ಮಾತು ವಾಪಸ್ ತಂದುಕೊಡು. ಹೇಗಾದ್ರೂ ಮಾಡು."

ವೆನಿಂಗ್ ಮುಂದಿನ ಬಸ್ಸಿಗೇ ಸೆಮರಾಂಗಿಗೆ ಹೋದಳು. ಅವಳ ಕಂಪನಿ ಚಿನ್ನದಂಗಡಿಗಳಿಗೆ ಹಚ್ಚಿಕೊಡುತ್ತಿದ್ದ ಅಂಗೈಯಗಲದ ತಕ್ಕಡಿಗಳಿದ್ದವು. ಒಂದು ಲವಂಗವಿಟ್ಟರೂ ತೂಕ ಹೇಳುವಂಥವು. ಮಾಲೀಕರನ್ನು ಕೇಳಿ ಒಂದನ್ನು ಎದೆಗವಚಿಕೊಂಡು ಹಿಂದಿರುಗಿದಳು. ಗುಂಡಿ ಬಿಚ್ಚಿ ಎಸೆದು, ತಕ್ಕಡಿಯನ್ನು ಮೆತ್ತಗಿನ ಬಟ್ಟೆಯಲ್ಲಿ ಸುತ್ತಿ ಹೆಬ್ಬೆರಳು ಅದರ ಮೇಲೆ ಒರಗುವಂತೆ ಇಟ್ಟಳು. ತೂಕ ನಿಂತಮೇಲೆ ಮಾತ್ರ ಅಂಕಿ ಹೇಳುವುದು ಅಂಗಡಿಯ ತಕ್ಕಡಿಯ ಸ್ವಭಾವ. ಅಲ್ಲಾಡುವ ತೂಕವನ್ನು ಹೇಳಿದರೆ ಗಿರಾಕಿಗೆ ಮೋಸವಾಗುತ್ತದಲ್ಲ. ನಿಲ್ಲುವುದನ್ನು ಕಾಯಬೇಡ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಲೇ ಇರು ಎಂದು ಅದಕ್ಕೆ ಆಜ್ಞೆ ಕಳಿಸಿದಳು. ಪರದೆಯ ಮೇಲೆ ಅಂಕಿಗಳ ಹೊಳೆಯೇ ಹರಿಯಿತು. ಕಾಲಿನ ಭಾರ. ಅದರ ಮೇಲೆ ಉಸಿರಾಟದ ಏರಿಳಿತ. ನಡುಕದ ಸಣ್ಣ ಸಣ್ಣ ಮುಳ್ಳುಗಳು. ಅವುಗಳ ನಡುವೆ ಆಗೊಮ್ಮೆ ಈಗೊಮ್ಮೆ ಮೆಲ್ಲಗೆ ಎದ್ದು ಮೆಲ್ಲಗೆ ಇಳಿಯುವ ಒಂದು ಗುಡ್ಡ. ಅದೇ ಅಣ್ಣ.

ಮರುದಿನ ಮಧ್ಯಾಹ್ನದ ನಮಾಜಿನ ಕರೆ ಮುಗಿದಿತ್ತು. ಪಾಕ್ದೇ, ಡಾಕ್ಟರಮ್ಮ, ಸರ್ಮಿ ಎಲ್ಲರೂ ಮಂಚದ ಸುತ್ತ ಇದ್ದರು. ಪರದೆಯನ್ನು ಎಲ್ಲರಿಗೂ ಕಾಣುವಂತೆ ತಿರುಗಿಸಿ, ವೆನಿಂಗ್ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು.

ಗುಡ್ಡ ಎದ್ದಿತು. ಸಾಲು ನಿಂತಿತು. ಸರ್ಮಿ ಗಟ್ಟಿಯಾಗಿ ಓದಿದಳು. "ಪೈಪು ಬೇಡ." ಬಹಳ ಹೊತ್ತಿನ ಮೇಲೆ ಇನ್ನೊಂದು ಪದ ಸೇರಿತು. "ಮನೆ."

ಪಾಕ್ದೇ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಯೋಚನೆ ಮಾಡಿ ಹೇಳ್ತಿದೀಯೇನೋ, ಮಗೂ?"

ತುಕಿರನ್‌ನ ಕಣ್ಣು ಮೇಲೆ ಹೋದವು. ಆಮೇಲೆ ಹೆಬ್ಬೆರಳು ಮತ್ತೆ ಕೆಲಸಕ್ಕಿಳಿಯಿತು, ಎಲ್ಲರೂ ಪರದೆಯತ್ತ ಬಾಗಿದರು. ಬಂದದ್ದು: ಅದು ಬೆಕ್ಕೇ.

ಮುದುಕ ಗೋಡೆಗೆ ಮುಖ ಮಾಡಿ ಚಿಕ್ಕ ಮಗುವಿನಂತೆ ಅತ್ತುಬಿಟ್ಟರು. ಆಮೇಲೆ ಅವರು ಪೈಪಿನ ಮಾತೆತ್ತಲಿಲ್ಲ.

ಎಲ್ಲರೂ ಜಗಲಿಗೆ ಹೋದಮೇಲೆ ವೆನಿಂಗ್ ಒಬ್ಬಳೇ ಉಳಿದಳು. ಮಂಚದ ಕಾಲಬದಿಗೆ ಬಂದು ಕೂತಳು. ತುಕಿರನ್ ಕಣ್ಣು ಮುಚ್ಚಿಕೊಳ್ಳಲಿಲ್ಲ. ಅವಳನ್ನೇ ನೋಡುತ್ತ ಒಂದೊಂದೇ ಅಕ್ಷರ ಕಟ್ಟಿದ. ಎರಡು ಸಲ ತಪ್ಪಿ, ಅಳಿಸಿ, ಮತ್ತೆ ಕಟ್ಟಿದ.

ತುಂಬಾ ಕೋಪ ಬಂತು ನಿಂಗ್. ಊಟ ಮಾಡಿದ್ಯಾ.

"ಮಾಡಿದೆ ಮಾಸ್" ಎಂದು ಸುಳ್ಳು ಹೇಳಿ ಅವಳು ಅವನ ಪಾದದ ಮೇಲೆ ಹಣೆಯಿಟ್ಟಳು. ತಕ್ಕಡಿಯ ಅಂಕಿಗಳು ಒಮ್ಮೆಲೇ ಎಲ್ಲಿಗೋ ಜಿಗಿದವು.

ಉಳಿದ ದಿನಗಳಲ್ಲಿ ಅವನು ಹೆಚ್ಚಾಗಿ ಸರ್ಮಿಯೊಂದಿಗೇ ಮಾತಾಡಿದ. ಒಂದು ದಿನಕ್ಕೆ ಒಂದು ವಾಕ್ಯ, ಕೆಲವು ದಿನ ಒಂದು ಪದ. ಆ ಹೊತ್ತಿಗೆ ವೆನಿಂಗ್ ಕೋಣೆಯಿಂದ ಹೊರಗಿರುತ್ತಿದ್ದಳು. ಹಾಗಿರೆಂದು ಯಾರೂ ಹೇಳಿರಲಿಲ್ಲ. ರಜೆ ಮುಗಿದು ಅವಳು ಸೆಮರಾಂಗಿಗೆ ಹೋದ ವಾರವೇ ಅಣ್ಣನಿಗೆ ಎದೆಯಲ್ಲಿ ಕಫ ಕಟ್ಟಿತು. ಡಾಕ್ಟರಮ್ಮ ನೋವು ಕಾಣದ ಹಾಗೆ ಮದ್ದು ಕೊಟ್ಟರು. ಬೆಳಗಿನ ಬಿಸಿಲು ಮಂಚಕ್ಕೆ ಬೀಳುವ ಹೊತ್ತಿನಲ್ಲಿ, ಸರ್ಮಿಯ ತೋಳಿನ ಮೇಲೆ ತಲೆಯಿಟ್ಟು ತುಕಿರನ್ ಹೋದ. ಸುದ್ದಿ ತಿಳಿದು ವೆನಿಂಗ್ ಹತ್ತಿದ ಬಸ್ಸು ಉಂಗಾರನ್ ಬಳಿ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡಿತು. ಅವಳು ಬೀದಿಯ ತಿರುವಿಗೆ ಬಂದಾಗ ಗಂಡಸರು ಮಣ್ಣಾದ ಕಾಲುಗಳಲ್ಲಿ ಸ್ಮಶಾನದಿಂದ ವಾಪಸು ಬರುತ್ತಿದ್ದರು.

ಸತ್ತವರಿಗಾಗಿ ನಡೆಸುವ ಏಳು ಸಂಜೆಯ ಪ್ರಾರ್ಥನೆಗೂ ಸರ್ಮಿ ಅವಳನ್ನು ಪಕ್ಕದಲ್ಲೇ ಕೂರಿಸಿಕೊಂಡಳು. ಬಂದವರ ಮುಂದೆ ಒಂದೂ ಕೆಟ್ಟ ಮಾತಾಡಲಿಲ್ಲ. ಕೊನೆಯ ಸಂಜೆ ಎಲ್ಲರೂ ಹೋದಮೇಲೆ, ಲೋಟಗಳನ್ನು ತೊಳೆಯುತ್ತ, ತಲೆಯೆತ್ತದೆ ಕೇಳಿದಳು.

"ಆ ದಿನಗಳಲ್ಲಿ ಅವರು ಏನು ಹೇಳ್ತಿದ್ರು ನಿಂಗ್? ಪರದೆ ಖಾಲಿ ಇತ್ತಲ್ಲ, ಆಗ. ಎಲ್ಲ ದಿನಾನೂ ಪೈಪು ಬೇಡ ಅಂತಲೇ ಹೇಳ್ತಿದ್ರಾ, ಬೇರೆ ಏನಾದ್ರೂ ಹೇಳ್ತಿದ್ರಾ?"

"ಗೊತ್ತಿಲ್ಲ ಮ್ಬಾಕ್. ಅದು ಎಲ್ಲೂ ಉಳಿದಿಲ್ಲ. ಪ್ರೋಗ್ರಾಮು ಬಿಟ್ಟುಬಿಡ್ತಿತ್ತು."

"ಬಿಟ್ಟುಬಿಡ್ತಿತ್ತು" ಎಂದು ಸರ್ಮಿ ಮೆಲ್ಲಗೆ ಹೇಳಿದಳು. ತೊಳೆದ ಲೋಟವನ್ನೇ ಮತ್ತೆ ತೊಳೆದಳು. "ಆಗ ಕಾಲಲ್ಲಿ ಇನ್ನೂ ಬಲ ಇತ್ತು. ಉದ್ದುದ್ದ ಮಾತಾಡೋ ಅಷ್ಟು ಬಲ ಇತ್ತು."

ಅದಾದಮೇಲೆ ಅವಳು ವೆನಿಂಗ್‌ಗೆ ಫೋನು ಮಾಡಲಿಲ್ಲ. ವೆನಿಂಗ್ ಮಾಡಿದರೆ "ಹೂಂ, ಚೆನ್ನಾಗಿದೀನಿ" ಎಂದಷ್ಟೇ ಹೇಳಿ ಇಡುತ್ತಿದ್ದಳು. ತಿಂಗಳುಗಳು ಹಾಗೇ ಕಳೆದವು. ಉಪವಾಸದ ತಿಂಗಳು ಬಂತು, ಹೋಯಿತು. ಲೆಬರಾನ್ ಹಬ್ಬದ ಬೆಳಿಗ್ಗೆ ವೆನಿಂಗ್ ಹೊಸ ಬಟ್ಟೆ ತೊಟ್ಟು, ಹೋಗುವುದೋ ಬೇಡವೋ ಎಂದು ಬಹಳ ಹೊತ್ತು ಕೂತಿದ್ದು, ಕೊನೆಗೆ ಸಾಲಾತಿಗದ ಬಸ್ಸು ಹತ್ತಿದಳು. ಮನೆಯಲ್ಲಿ ಸರ್ಮಿ ಒಬ್ಬಳೇ ಇದ್ದಳು, ಒಲೆಯ ಮೇಲೆ ಕೋಳಿ ಬೇಯುತ್ತಿತ್ತು. ಹಬ್ಬದ ಪದ್ಧತಿಯಂತೆ ವೆನಿಂಗ್ ಮಂಡಿಯೂರಿ ಹಿರಿಯಳ ಮೊಣಕಾಲ ಮೇಲೆ ಹಣೆಯಿಟ್ಟು, ವರ್ಷವರ್ಷವೂ ಎಲ್ಲರೂ ಹೇಳುವ ಮಾತನ್ನೇ ಹೇಳಿದಳು. "ಹೊರಗಿಂದಲೂ ಒಳಗಿಂದಲೂ ಕ್ಷಮಿಸಿ, ಮ್ಬಾಕ್."

ಇದಕ್ಕೆ ನನ್ನನ್ನೂ ಕ್ಷಮಿಸು ಎಂದು ಎಲ್ಲರೂ ಕೊಡುವ ಉತ್ತರವೊಂದಿದೆ. ಸರ್ಮಿ ಅದನ್ನು ಹೇಳಲಿಲ್ಲ. ಅವಳ ಕೈ ವೆನಿಂಗ್‌ನ ತಲೆಯ ಮೇಲೆ ಬಂದು ನಿಂತಿತು. ಸವರಲಿಲ್ಲ, ತೆಗೆಯಲೂ ಇಲ್ಲ.

"ಹೊರಗಿಂದ ಕ್ಷಮಿಸಿದೀನಿ" ಎಂದಳು. "ಒಳಗಿಂದ ಇನ್ನೂ ಬಂದಿಲ್ಲ ಕಣೇ. ಸುಳ್ಳು ಯಾಕೆ ಹೇಳ್ಲಿ? ಬಂದಾಗ ಹೇಳ್ತೀನಿ. ಅಲ್ಲಿತನಕ ನೀನು ಬರೋದು ಬಿಡಬೇಡ."

"ಬಿಡಲ್ಲ ಮ್ಬಾಕ್."

"ಏಳು ಮತ್ತೆ. ತೆಂಗಿನಹಾಲು ಹಿಂಡಬೇಕು."

ವೆನಿಂಗ್ ಎದ್ದು, ತೋಳು ಮಡಚಿಕೊಂಡು, ಅತ್ತಿಗೆಯ ಹಿಂದೆ ಅಡುಗೆಮನೆಗೆ ನಡೆದಳು.